ಹೃದಯ ನಿಂತಾಗ ಮಿದುಳಿಗೆ ಕಾವಲು

ಪ್ರವೇಶ: ನಮ್ಮ ದೇಹದ ಅಂಗಗಳಲ್ಲಿ ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುವುದು ಹೃದಯ. ಅದನ್ನು ನಿಲ್ಲಿಸಿ, ಬಿಚ್ಚಿ, ಸರಿಪಡಿಸಿ, ಮತ್ತೆ ನಡೆಸುವ ವಿದ್ಯೆಯನ್ನು ಮನುಷ್ಯ ಕಲಿತಿದ್ದಾನೆ. ಆದರೆ ಹೃದಯ ನಿಂತಿರುವಷ್ಟು ಹೊತ್ತು ಮಿದುಳಿನ ಗತಿಯೇನು? ಅದಕ್ಕೆ ಉಸಿರು, ಆಹಾರ ದೊರೆಯುತ್ತಿದೆಯೇ ಎಂದು ವೈದ್ಯರು ಹೇಗೆ ತಿಳಿಯುತ್ತಾರೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಗಂಟಲು ನೋವಿನಿಂದ ಗುಂಡಿಗೆಯವರೆಗೆ

ಆಂಧ್ರಪ್ರದೇಶದ ಗಡಿಯಲ್ಲಿರುವ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳ ಸುತ್ತಮುತ್ತಲ ಹಳ್ಳಿಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಆಡುವ ಜನರಿದ್ದಾರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೆಲಗಡಲೆಯೇ ಬಹುಪಾಲು ರೈತರ ಆಸರೆ. ಇಂತಹ ಊರುಗಳ ಮನೆಗಳಲ್ಲಿ ಮಗುವಿಗೆ ಗಂಟಲು ನೋವು ಬಂದರೆ ಯಾರೂ ಅಷ್ಟಾಗಿ ಚಿಂತಿಸುವುದಿಲ್ಲ. ಬಿಸಿನೀರು, ಉಪ್ಪು, ಕಷಾಯ ಇಷ್ಟರಲ್ಲೇ ವಾಸಿಯಾಗುತ್ತದೆ ಎಂದು ನಂಬುತ್ತಾರೆ. ಸಾಮಾನ್ಯವಾಗಿ ವಾಸಿಯೂ ಆಗುತ್ತದೆ.

ಆದರೆ ಕೆಲವು ಗಂಟಲು ನೋವುಗಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಅದಕ್ಕೆ ಸರಿಯಾದ ಔಷಧಿ ಕೊಡದಿದ್ದರೆ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ. ಮಂಡಿ, ಮೊಣಕೈ, ಹರಡುಗಳು ಊದಿಕೊಂಡು ನೋಯುತ್ತವೆ. ಇದೇ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲುಗಳ ಊತ ಇಳಿದುಹೋಗುತ್ತದೆ. ಆದರೆ ಹೃದಯದ ಕವಾಟಗಳಿಗೆ ತಗುಲಿದ ಗಾಯ ಉಳಿದುಬಿಡಬಹುದು. ಕವಾಟ ಎಂದರೆ ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಬಾಗಿಲು. ಅದು ದಪ್ಪಗಾಗಿ, ಅಂಟಿಕೊಂಡು, ಸರಿಯಾಗಿ ತೆರೆಯದೆ ಅಥವಾ ಮುಚ್ಚದೆ ಹೋದರೆ ವರ್ಷಗಳ ನಂತರ ಆ ಮಗು ಸ್ವಲ್ಪ ದೂರ ನಡೆದರೂ ಏದುಸಿರು ಬಿಡುತ್ತದೆ. ಇನ್ನು ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ಒಳಗೋಡೆಯಲ್ಲಿ ತೂತು ಇರುತ್ತದೆ.

ಇಂತಹ ಹೃದಯಗಳಿಗೆ ಶಸ್ತ್ರಚಿಕಿತ್ಸೆ ಬೇಕು. ಬಹಳ ಕಾಲ ಅದು ಬಡವರ ಕೈಗೆ ಎಟುಕದ ಮಾತಾಗಿತ್ತು. ದೊಡ್ಡ ನಗರಗಳಿಗೆ ಹೋಗಬೇಕಾಗಿತ್ತು. 1991ರ ನವೆಂಬರ್ 22ರಂದು ಅಂದಿನ ಅನಂತಪುರ ಜಿಲ್ಲೆಯ ಪುಟ್ಟಪರ್ತಿಯ ಬಳಿ ಪ್ರಶಾಂತಿಗ್ರಾಮದಲ್ಲಿ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆ ಆರಂಭವಾಯಿತು. ಅಂದಿನ ಪ್ರಧಾನಿ ಪಿ.ವಿ. ನರಸಿಂಹರಾವ್ ಅವರು ಅದನ್ನು ಉದ್ಘಾಟಿಸಿದರು. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಹಣ ಪಡೆಯದೆ ಮಾಡುವ ವ್ಯವಸ್ಥೆಯಾಯಿತು. 2007ರ ಏಪ್ರಿಲ್ 1ರಂದು ರಾಜ್ಯದಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಮೂರು ಜಿಲ್ಲೆಗಳಲ್ಲಿ ಶುರುವಾದಾಗ ಅನಂತಪುರವೂ ಅವುಗಳಲ್ಲಿ ಒಂದಾಗಿತ್ತು. 2022ರಲ್ಲಿ ಜಿಲ್ಲೆ ವಿಭಜನೆಯಾಗಿ ಹಿಂದೂಪುರ, ಪುಟ್ಟಪರ್ತಿಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಈ ಭಾಗದವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಿಗೂ ಹೋಗುತ್ತಾರೆ.

ಆಸ್ಪತ್ರೆ ಯಾವುದಾದರೇನು, ಮಗುವನ್ನು ಒಳಗೆ ಕಳುಹಿಸುವ ತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ.

“ಡಾಕ್ಟ್ರೇ, ಗುಂಡಿಗೇನೇ ನಿಲ್ಲಿಸಿಬಿಟ್ಟರೆ ಮಗು ಹೇಗೆ ಬದುಕುತ್ತೆ?”

“ಗುಂಡಿಗೆಯ ಕೆಲಸವನ್ನು ಅಷ್ಟು ಹೊತ್ತು ಒಂದು ಯಂತ್ರ ಮಾಡುತ್ತೆ, ಅಮ್ಮಾ. ಗುಂಡಿಗೆ ಸ್ವಲ್ಪ ಹೊತ್ತು ಕಾಯುತ್ತೆ. ಮಿದುಳು ಕಾಯುವುದಿಲ್ಲ. ಅದಕ್ಕೇ ಅದರ ಮೇಲೆ ನಮ್ಮ ಕಣ್ಣು ಸದಾ ಇರುತ್ತೆ.”

ಈ ಉತ್ತರದಲ್ಲಿ ದೊಡ್ಡ ವಿಜ್ಞಾನವೇ ಅಡಗಿದೆ.

ಮಿದುಳಿನ ಹಸಿವು

ದೊಡ್ಡವರ ಮಿದುಳಿನ ತೂಕ ಸುಮಾರು 1,400 ಗ್ರಾಂ. ಇದು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿದ್ದಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಭಾಗವನ್ನು ಮಿದುಳೊಂದೇ ಬಳಸುತ್ತದೆ. ನಾವು ನಿದ್ರಿಸುವಾಗಲೂ ಅದರ ಒಲೆ ಆರುವುದಿಲ್ಲ.

ಮಿದುಳಿನ ಮುಖ್ಯ ಆಹಾರ ಗ್ಲೂಕೋಸ್ ಎಂಬ ಸಕ್ಕರೆ. ಅದನ್ನು ಆಮ್ಲಜನಕದ ನೆರವಿನಿಂದ ಉರಿಸಿ ಶಕ್ತಿ ಪಡೆಯುತ್ತದೆ. ಜೀವಕೋಶಗಳಲ್ಲಿ ಹೀಗೆ ಆಹಾರವು ಶಕ್ತಿಯಾಗುವ ಮತ್ತು ಒಂದು ವಸ್ತು ಇನ್ನೊಂದಾಗಿ ಮಾರ್ಪಡುವ ಎಲ್ಲ ಕ್ರಿಯೆಗಳನ್ನೂ ಒಟ್ಟಾಗಿ ಚಯಾಪಚಯ ಎನ್ನುತ್ತಾರೆ. ಆದ ಶಕ್ತಿಯು ಎಟಿಪಿ ಎಂಬ ಅಣುವಿನ ರೂಪದಲ್ಲಿ ಕೋಶಕ್ಕೆ ಸಿಗುತ್ತದೆ. ಸಂತೆಯಲ್ಲಿ ಯಾವ ಸಾಮಾನು ಕೊಳ್ಳಲೂ ರೂಪಾಯಿ ಬೇಕಾಗುವಂತೆ, ಕೋಶದ ಯಾವ ಕೆಲಸಕ್ಕೂ ಎಟಿಪಿ ಬೇಕು.

ಈ ಸಂಗತಿಯನ್ನು ಬೆಳಕಿಗೆ ತಂದವರಲ್ಲಿ ಆಂಧ್ರದವರೇ ಆದ ಒಬ್ಬ ವಿಜ್ಞಾನಿಯಿದ್ದಾರೆ. ಅವರೇ ಯಲ್ಲಾಪ್ರಗಡ ಸುಬ್ಬಾರಾವ್. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೈರಸ್ ಫಿಸ್ಕ್ ಅವರೊಡನೆ ದುಡಿದರು. ಸ್ನಾಯುಗಳಲ್ಲಿ ಶಕ್ತಿಯ ಮೀಸಲು ಗಂಟಿನಂತಿರುವ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು 1927ರಲ್ಲಿ ಗುರುತಿಸಿದರು. 1929ರಲ್ಲಿ ಎಟಿಪಿಯನ್ನೂ ಬೇರ್ಪಡಿಸಿ ತೋರಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿಯನ್ನು ಕಂಡುಹಿಡಿದರು. ಇವೇ ವಸ್ತುಗಳು ಮಿದುಳಿನಲ್ಲೂ ಇವೆ.

ಆದರೆ ಮಿದುಳಿನ ಗಂಟು ಬಹಳ ಚಿಕ್ಕದು. ಅದು ಅಂದಂದೇ ದುಡಿದು ಅಂದಂದೇ ಉಣ್ಣುವ ಕೂಲಿಯವನ ಹಾಗೆ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ನಾಲ್ಕೈದು ನಿಮಿಷ ಹಾಗೆಯೇ ಇದ್ದರೆ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಸತ್ತ ಚರ್ಮ ಮತ್ತೆ ಬೆಳೆಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಮಿದುಳಿನ ನರಕೋಶಗಳು ಹಾಗೆ ಮರಳಿ ಹುಟ್ಟಿ ಜಾಗ ತುಂಬುವುದಿಲ್ಲ. ಕವಾಟ ಸರಿಹೋಗಿ ಮಗು ಮನೆಗೆ ಬಂದರೂ ಅದು ಮಗ್ಗಿ ಮರೆತರೆ, ಮಾತು ತೊದಲಿದರೆ, ಒಂದು ಕೈ ಎತ್ತಲಾರದೆ ಹೋದರೆ ಆ ಗೆಲುವು ಅರ್ಧ ಗೆಲುವೇ ಸರಿ.

ಹೃದಯದ ಬದಲಿಗೆ ಯಂತ್ರ

ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಮಾಡುವ ಯಂತ್ರದ ಕನಸು ಕಂಡವರು ಅಮೆರಿಕದ ಜಾನ್ ಗಿಬ್ಬನ್. 1931ರಲ್ಲಿ ಬೋಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಅಡ್ಡಬಂದು ನರಳುತ್ತಿದ್ದ ಒಬ್ಬ ಮಹಿಳೆಯ ಪಕ್ಕದಲ್ಲಿ ಅವರು ರಾತ್ರಿಯಿಡೀ ಕುಳಿತಿದ್ದರು. ಆಕೆ ಉಳಿಯಲಿಲ್ಲ. ಆಕೆಯ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಬೆರೆಸಿ, ಮತ್ತೆ ಒಳಗೆ ಬಿಡುವಂತಿದ್ದರೆ ಎಂಬ ಯೋಚನೆ ಅಂದು ಅವರಿಗೆ ಹೊಳೆಯಿತು. ಪತ್ನಿ ಮೇರಿ ಅವರ ನೆರವಿನೊಂದಿಗೆ ಸುಮಾರು ಎರಡು ದಶಕ ದುಡಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಯುವತಿಯೊಬ್ಬಳ ಹೃದಯದ ತೂತನ್ನು ಯಂತ್ರದ ಸಹಾಯದಿಂದ ಮುಚ್ಚಿದರು. 26 ನಿಮಿಷಗಳ ಕಾಲ ಆಕೆಯ ಹೃದಯ, ಶ್ವಾಸಕೋಶಗಳ ಪೂರ್ಣ ಹೊಣೆಯನ್ನು ಯಂತ್ರವೇ ಹೊತ್ತಿತ್ತು. ಆಕೆ ಗುಣಹೊಂದಿದಳು. 1960ರ ದಶಕದ ಆರಂಭದಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಂತಹ ಕಡೆಗಳಲ್ಲಿ ನಮ್ಮ ದೇಶದಲ್ಲೂ ಈ ವಿದ್ಯೆ ನೆಲೆಯೂರಿತು.

ಇಂದಿನ ಯಂತ್ರ ಕೆಲಸ ಮಾಡುವ ಬಗೆ ಹೀಗಿದೆ. ಹೃದಯಕ್ಕೆ ಹಿಂದಿರುಗುವ ಕಪ್ಪು ಛಾಯೆಯ ರಕ್ತವನ್ನು ಕೊಳವೆಯ ಮೂಲಕ ಹೊರಗೆ ತರುತ್ತಾರೆ. ಅದು ಹೆಪ್ಪುಗಟ್ಟದಿರಲೆಂದು ಮೊದಲೇ ಹೆಪಾರಿನ್ ಎಂಬ ಔಷಧಿ ಕೊಟ್ಟಿರುತ್ತಾರೆ. ಯಂತ್ರದಲ್ಲಿ ರಕ್ತಕ್ಕೆ ಆಮ್ಲಜನಕ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಅಲ್ಲಿಯೇ ರಕ್ತವನ್ನು ತಂಪುಮಾಡಲೂ ಬೆಚ್ಚಗೆ ಮಾಡಲೂ ಸಾಧ್ಯ. ಬಳಿಕ ಪಂಪು ಆ ಕೆಂಪು ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ. ಪೊಟ್ಯಾಸಿಯಂ ಇರುವ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಬಿಟ್ಟು ಹೃದಯದ ಮಿಡಿತವನ್ನು ನಿಲ್ಲಿಸುತ್ತಾರೆ. ಈ ಯಂತ್ರವನ್ನು ನಡೆಸುವ ತಜ್ಞರಿಗೆ ಪರ್ಫ್ಯೂಷನಿಸ್ಟ್ ಎಂದು ಹೆಸರು. ಮಿಡಿಯುತ್ತಿರುವ ಹೃದಯದ ಮೇಲೆಯೇ ಮಾಡುವ ಕೆಲವು ಶಸ್ತ್ರಚಿಕಿತ್ಸೆಗಳೂ ಇವೆ. ಆದರೆ ಹೃದಯವನ್ನು ತೆರೆದು ಕವಾಟ ಹೊಲಿಯಲು, ತೂತು ಮುಚ್ಚಲು ಸಾಮಾನ್ಯವಾಗಿ ಈ ಯಂತ್ರ ಬೇಕೇ ಬೇಕು.

ಹಸಿವನ್ನು ತಗ್ಗಿಸುವ ತಂಪು

ಯಂತ್ರ ಸಿದ್ಧವಾಗುವ ಮೊದಲೇ ವೈದ್ಯರು ಇನ್ನೊಂದು ದಾರಿಯನ್ನು ಹುಡುಕಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕಪ್ಪೆ ಕೆಸರಿನೊಳಗೆ ಹುದುಗಿ, ಮಳೆಗಾಲದವರೆಗೆ ಅಲುಗಾಡದೆ ಇರುವುದನ್ನು ಕೇಳಿದ್ದೀರಿ. ಚಳಿದೇಶಗಳಲ್ಲಿ ಕೆಲವು ಪ್ರಾಣಿಗಳು ಚಳಿಗಾಲವನ್ನು ಬಿಲದಲ್ಲಿ ಮಲಗಿಯೇ ಕಳೆಯುತ್ತವೆ. ಆಗ ಅವುಗಳ ಮೈ ತಣ್ಣಗಾಗಿ ಚಯಾಪಚಯ ತಗ್ಗುತ್ತದೆ; ಅಲ್ಪ ಆಮ್ಲಜನಕವೇ ಸಾಕಾಗುತ್ತದೆ. ರೋಗಿಯ ದೇಹವನ್ನೂ ಹೀಗೆ ತಂಪುಮಾಡಿದರೆ ಮಿದುಳು ಹೆಚ್ಚು ಹೊತ್ತು ತಾಳಬಹುದಲ್ಲವೇ? ಕೆನಡಾದ ಟೊರಾಂಟೊದ ವಿಲ್ಫ್ರೆಡ್ ಬಿಗೆಲೋ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ 1950ರಲ್ಲಿ ಇದನ್ನು ಪ್ರಕಟಿಸಿದರು. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನೆಸೋಟಾದಲ್ಲಿ ಜಾನ್ ಲೂಯಿಸ್ ಅವರು ಐದು ವರ್ಷದ ಬಾಲಕಿಯ ದೇಹವನ್ನು ತಂಪುಮಾಡಿ ಹೃದಯದ ತೂತನ್ನು ಮುಚ್ಚಿದರು.

ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮಿದುಳಿನ ಆಮ್ಲಜನಕದ ಬೇಡಿಕೆ ಸುಮಾರು ಶೇಕಡಾ 6ರಿಂದ 7ರಷ್ಟು ಇಳಿಯುತ್ತದೆ. 37 ಡಿಗ್ರಿಯಿಂದ 28 ಡಿಗ್ರಿಗೆ ಬಂದರೆ ಬೇಡಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮಹಾಪಧಮನಿಯ ಕೆಲವು ಕಠಿಣ ಶಸ್ತ್ರಚಿಕಿತ್ಸೆಗಳಲ್ಲಿ 18 ಡಿಗ್ರಿಯವರೆಗೂ ಇಳಿಸುತ್ತಾರೆ. ಆಗ ಯಂತ್ರವನ್ನೇ ನಿಲ್ಲಿಸಿದರೂ ಮಿದುಳು ಸುಮಾರು ಅರ್ಧ ಗಂಟೆ ತಾಳಬಲ್ಲದು.

ಮರಳಿ ಬೆಚ್ಚಗೆ ಮಾಡುವ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಅವಸರದಿಂದ ಬಿಸಿಮಾಡಿದರೆ ಮಿದುಳಿನ ಹಸಿವು ಥಟ್ಟನೆ ಏರುತ್ತದೆ, ಆದರೆ ಪೂರೈಕೆ ಅಷ್ಟೇ ವೇಗವಾಗಿ ಏರುವುದಿಲ್ಲ. ಆದ್ದರಿಂದ ನಿಧಾನವಾಗಿ, 37 ಡಿಗ್ರಿ ಮೀರದಂತೆ ಬೆಚ್ಚಗೆ ಮಾಡುತ್ತಾರೆ.

ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು?

ತಲೆಬುರುಡೆಯೊಳಗೆ ಅಡಗಿರುವ ಮಿದುಳು ಎಷ್ಟು ಉಣ್ಣುತ್ತಿದೆ ಎಂದು ತಿಳಿಯುವುದು ಹೇಗೆ? ನೆಲಗಡಲೆಯ ಹೊಲಕ್ಕೆ ನೀರು ಬಿಡುವ ರೈತನನ್ನು ನೆನೆಯಿರಿ. ಬದುವಿನ ಈ ಕಡೆ ಎಷ್ಟು ನೀರು ಒಳಗೆ ಹೋಯಿತು, ಆ ಕಡೆ ಎಷ್ಟು ಹೊರಗೆ ಹರಿಯಿತು ಎಂದು ಗೊತ್ತಾದರೆ ಹೊಲ ಕುಡಿದದ್ದೆಷ್ಟು ಎಂದು ಹೇಳಬಹುದು. ದೇಹದ ವಿಷಯದಲ್ಲಿ ಈ ಲೆಕ್ಕವನ್ನು 1870ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್ ಹೇಳಿದರು. 1940ರ ದಶಕದಲ್ಲಿ ಫಿಲಡೆಲ್ಫಿಯಾದ ಸೆಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಇದೇ ತತ್ವದಿಂದ ಮನುಷ್ಯನ ಮಿದುಳಿನ ರಕ್ತದ ಹರಿವನ್ನು ಅಳೆದರು.

ನಾವೂ ಲೆಕ್ಕ ಮಾಡಿ ನೋಡೋಣ. ಮಿದುಳಿಗೆ ಹೋಗುವ 100 ಮಿ.ಲೀ. ರಕ್ತದಲ್ಲಿ ಸುಮಾರು 20 ಮಿ.ಲೀ. ಆಮ್ಲಜನಕ ಇರುತ್ತದೆ. ಮಿದುಳಿನಿಂದ ಹೊರಬರುವ 100 ಮಿ.ಲೀ. ರಕ್ತದಲ್ಲಿ ಸುಮಾರು 13 ಮಿ.ಲೀ. ಉಳಿದಿರುತ್ತದೆ. ಮಿದುಳು ಬಳಸಿದ್ದು 7 ಮಿ.ಲೀ. ನಿಮಿಷಕ್ಕೆ 700 ಮಿ.ಲೀ. ರಕ್ತ ಮಿದುಳಿನ ಮೂಲಕ ಹರಿದರೆ ನಿಮಿಷಕ್ಕೆ 49 ಮಿ.ಲೀ. ಆಮ್ಲಜನಕ ಖರ್ಚಾಯಿತು.

ಮಿದುಳಿನಿಂದ ರಕ್ತ ಹೊರಬರುವ ದೊಡ್ಡ ನಾಳಕ್ಕೆ ಜುಗ್ಯುಲರ್ ಅಭಿಧಮನಿ ಎಂದು ಹೆಸರು. ಕುತ್ತಿಗೆಯಲ್ಲಿ ಇದರೊಳಗೆ ಸಣ್ಣ ಕೊಳವೆಯನ್ನು ತಲೆಬುರುಡೆಯ ಬುಡದವರೆಗೆ ತೂರಿಸಿ, ಮರಳುವ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯಬಹುದು. ಹಿಮೋಗ್ಲೋಬಿನ್‌ನ ಶೇಕಡಾ 55ರಿಂದ 75 ಭಾಗ ಆಮ್ಲಜನಕದಿಂದ ತುಂಬಿದ್ದರೆ ಅದು ಸಾಮಾನ್ಯ. ಅದಕ್ಕಿಂತ ಇಳಿದರೆ, ಬರುತ್ತಿರುವುದು ಸಾಲದೆ ಮಿದುಳು ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತಿದೆ ಎಂದು ಅರ್ಥ.

ಅಂಕಿ ಏರಿದರೆ ಎಲ್ಲವೂ ಸರಿಯಿದೆಯೆಂದೇ? ಹಾಗೂ ಹೇಳಲಾಗದು. ಹೊಲದಿಂದ ನೀರು ಹೆಚ್ಚಾಗಿ ಹೊರಬಂದರೆ ಎರಡು ಕಾರಣಗಳಿರಬಹುದು: ಬೆಳೆಗೆ ಬಾಯಾರಿಕೆ ಇಲ್ಲ, ಇಲ್ಲವೇ ಬೇರು ಕೆಟ್ಟು ಕುಡಿಯಲಾರದು. ಹಾಗೆಯೇ ತಂಪುಮಾಡಿದ ಮಿದುಳು ಕಡಿಮೆ ಆಮ್ಲಜನಕ ಬಳಸುವುದರಿಂದ ಅಂಕಿ ಏರುತ್ತದೆ. ಪೆಟ್ಟಾದ ಮಿದುಳು ಬಳಸಲಾರದೆಯೂ ಏರಬಹುದು. ಆದ್ದರಿಂದ ಒಂದೇ ಅಂಕಿಯನ್ನು ನಂಬದೆ ಉಷ್ಣತೆ, ರಕ್ತದೊತ್ತಡ, ರಕ್ತದಲ್ಲಿನ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್, ಮಿದುಳಿನ ವಿದ್ಯುತ್ ಅಲೆಗಳನ್ನು ತೋರಿಸುವ ಇಇಜಿ ಮುಂತಾದವುಗಳನ್ನು ಕೂಡಿಸಿ ನೋಡುತ್ತಾರೆ.

ಹಣೆಯ ಮೇಲಿನ ಬೆಳಕು

ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಅಂಗೈಯಿಂದ ಮುಚ್ಚಿ ಹಿಡಿಯಿರಿ. ಬೆರಳುಗಳ ಅಂಚು ಕೆಂಪಗೆ ಹೊಳೆಯುತ್ತದೆ. ಉಳಿದ ಬಣ್ಣಗಳನ್ನು ಮೈ ನುಂಗಿಕೊಂಡರೂ ಕೆಂಪು ಬೆಳಕು ಸ್ವಲ್ಪ ಹಾದುಬರುತ್ತದೆ. ಕೆಂಪಿನ ಆಚೆಗೆ ಕಣ್ಣಿಗೆ ಕಾಣದ, ಅವಕೆಂಪಿಗೆ ಸೇರಿದ ಕಿರಣಗಳು ಇನ್ನೂ ಆಳಕ್ಕೆ ಹೋಗಬಲ್ಲವು, ಮೂಳೆಯನ್ನೂ ದಾಟಬಲ್ಲವು. 1977ರಲ್ಲಿ ಅಮೆರಿಕದ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ಈ ಕಿರಣಗಳಿಂದ, ತಲೆಯನ್ನು ಕೊಯ್ಯದೆಯೇ, ಮಿದುಳಿನ ಆಮ್ಲಜನಕದ ಸ್ಥಿತಿಯನ್ನು ತಿಳಿಯಬಹುದು ಎಂದು ತೋರಿಸಿದರು.

ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಇಳಿಸಿದ ಹಿಮೋಗ್ಲೋಬಿನ್ ಈ ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ರೋಗಿಯ ಹಣೆಯ ಎಡಕ್ಕೂ ಬಲಕ್ಕೂ ಒಂದೊಂದು ಅಂಟುಪಟ್ಟಿ ಹಚ್ಚುತ್ತಾರೆ. ಪಟ್ಟಿಯಿಂದ ಹೊರಟ ಕಿರಣ ಮಿದುಳಿನ ಹೊರಪದರವನ್ನು ಮುಟ್ಟಿ, ಚದುರಿ, ಮರಳಿ ಪಟ್ಟಿಗೇ ಬರುತ್ತದೆ. ಎಷ್ಟು ಮರಳಿತು ಎಂಬುದರಿಂದ ಯಂತ್ರವು ಶೇಕಡಾವಾರು ಅಂಕಿಯೊಂದನ್ನು ಪರದೆಯ ಮೇಲೆ ತೋರಿಸುತ್ತದೆ. ಸಾಮಾನ್ಯವಾಗಿ ಅದು 60ರಿಂದ 80ರ ನಡುವೆ ಇರುತ್ತದೆ. ಸೂಜಿಯಿಲ್ಲ, ನೋವಿಲ್ಲ, ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತೂ ಬಿಡದೆ ನೋಡಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಅಂಕಿ 70 ಇತ್ತೆಂದು ಊಹಿಸೋಣ. ಅದರ ಶೇಕಡಾ 20 ಎಂದರೆ 14. ಅಂಕಿ 56ರ ಕೆಳಗೆ ಇಳಿದರೆ ಎಚ್ಚರದ ಗಂಟೆ ಬಾರಿಸಿತೆಂದೇ ತಿಳಿಯುತ್ತಾರೆ. ಆಗ ಒಂದೊಂದಾಗಿ ಕಾರಣ ಹುಡುಕುತ್ತಾರೆ. ತಲೆ ಒಂದು ಕಡೆಗೆ ವಾಲಿ ಕುತ್ತಿಗೆಯ ನಾಳ ಒತ್ತಿಕೊಂಡಿದೆಯೇ? ಯಂತ್ರದ ಕೊಳವೆ ಸರಿದಿದೆಯೇ? ರಕ್ತದೊತ್ತಡ ಇಳಿದಿದೆಯೇ? ಪಂಪಿನ ಹರಿವು ಸಾಲದೇ? ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿದೆಯೇ? ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗಿವೆಯೇ? ಕಾರಣ ಸಿಕ್ಕಿದೊಡನೆ ಅರಿವಳಿಕೆ ತಜ್ಞರೂ ಪರ್ಫ್ಯೂಷನಿಸ್ಟರೂ ಶಸ್ತ್ರವೈದ್ಯರೂ ಸೇರಿ ಸರಿಪಡಿಸುತ್ತಾರೆ. ತಲೆಯನ್ನು ನೇರ ಮಾಡುವಷ್ಟು ಸಣ್ಣ ಕೆಲಸವೇ ಕೆಲವೊಮ್ಮೆ ಸಾಕಾಗುತ್ತದೆ.

ಅಂಕಿಗೂ ಮಿತಿಯಿದೆ

ಈ ಬೆಳಕು ಹಣೆಯ ಹಿಂದಿನ ಮಿದುಳನ್ನಷ್ಟೇ ಕಾಣುತ್ತದೆ. ತಲೆಯ ಹಿಂಭಾಗದಲ್ಲಿ ತೊಂದರೆಯಾದರೆ ಅದಕ್ಕೆ ಗೊತ್ತಾಗದು. ರಕ್ತದ ಸಣ್ಣ ಹೆಪ್ಪೊಂದು ಹೋಗಿ ಕಿರುನಾಳವನ್ನು ಮುಚ್ಚಿದರೆ ಅದನ್ನೂ ಹಿಡಿಯಲಾರದೆ ಹೋಗಬಹುದು.

ನಾವು ತಿಳಿಯಬೇಕಾದ ಇನ್ನೊಂದು ಮಾತಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವು ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ಅಂಕಿ ತೋರಿಸಿ, ಕೊರತೆಯನ್ನು ಮರೆಮಾಚುವುದುಂಟು ಎಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಣೆಯ ಮಾಪಕದ ಮೇಲೂ ಚರ್ಮದ ಬಣ್ಣದ ಪ್ರಭಾವವಿದೆ. ಆದ್ದರಿಂದ ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯೊಡನೆ ಹೋಲಿಸುವುದಕ್ಕಿಂತ, ಅದೇ ರೋಗಿಯ ಮೊದಲಿನ ಅಂಕಿಯೊಡನೆ ಹೋಲಿಸುವುದೇ ಜಾಣತನ.

ಈ ಮಾಪಕವನ್ನು ಬಳಸಿದ ಮಾತ್ರಕ್ಕೆ ಎಲ್ಲ ರೋಗಿಗಳ ಮಿದುಳೂ ಹೆಚ್ಚು ಸುರಕ್ಷಿತವಾಗುತ್ತದೆಯೇ? ಸಂಶೋಧನೆಗಳು ಈ ಬಗ್ಗೆ ಒಂದೇ ಮಾತನ್ನು ಹೇಳಿಲ್ಲ. ಗಡಿಯಾರವಿದ್ದ ಮಾತ್ರಕ್ಕೆ ಯಾರೂ ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದಿಲ್ಲ. ಅದನ್ನು ನೋಡಿ ಹೊರಡಬೇಕು. ಅಂಕಿಯನ್ನು ನೋಡುವ ಕಣ್ಣು, ಕಾರಣ ಹುಡುಕುವ ಬುದ್ಧಿ, ಕೂಡಲೇ ಸರಿಪಡಿಸುವ ಕೈ ಈ ಮೂರೂ ಸೇರಿದಾಗಲೇ ಮಾಪನಕ್ಕೆ ಬೆಲೆ.

ಶಸ್ತ್ರಚಿಕಿತ್ಸೆ ಮುಗಿದು ಅರಿವಳಿಕೆ ಇಳಿದಾಗ ವೈದ್ಯರೂ ದಾದಿಯರೂ ಮೊದಲು ಕೇಳುವ ಪ್ರಶ್ನೆಗಳು ಬಹಳ ಸರಳ: “ಕಣ್ಣು ಬಿಡು. ನನ್ನ ಕೈ ಹಿಡಿದು ಒತ್ತು. ಕಾಲು ಅಲ್ಲಾಡಿಸು.” ಗಂಟಲಿನ ಕೊಳವೆ ತೆಗೆದ ಮೇಲೆ “ನಿನ್ನ ಹೆಸರೇನು?” ಎಂದು ಕೇಳುತ್ತಾರೆ. ಮಿದುಳನ್ನು ಕಾಯ್ದ ಕೆಲಸದ ಪರೀಕ್ಷೆ ಇಲ್ಲಿಯೇ ನಡೆಯುತ್ತದೆ. ಯಾವ ಯಂತ್ರದ ಅಂಕಿಯೂ ಈ ಉತ್ತರಗಳಿಗೆ ಸಮನಲ್ಲ.

ಇಷ್ಟು ದೊಡ್ಡ ಚಿಕಿತ್ಸೆಯ ಅಗತ್ಯವೇ ಬೀಳದಂತೆ ತಡೆಯಲು ಸಾಧ್ಯವಾಗುವ ಸಂದರ್ಭಗಳೂ ಇವೆ. ಜ್ವರದೊಡನೆ ಗಂಟಲು ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಕೊಟ್ಟ ಔಷಧಿಯನ್ನು ನೋವು ನಿಂತಿತೆಂದು ನಡುವೆ ಬಿಡದೆ ಪೂರ್ತಿ ತೆಗೆದುಕೊಳ್ಳಬೇಕು. ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಹಾಕಿಸಬೇಕು. ಆಟದಲ್ಲಿ ನಿಮ್ಮ ಜೊತೆಯವರು ಬೇಗ ಏದುಸಿರು ಬಿಟ್ಟರೆ ಸೋಮಾರಿಯೆಂದು ನಗಬೇಡಿ, ಉಪಾಧ್ಯಾಯರಿಗೆ ತಿಳಿಸಿ. ಹೃದಯವನ್ನು ಕಾಯುವ ಕೆಲಸ ಶಾಲೆಯ ಅಂಗಳದಿಂದಲೇ ಶುರುವಾಗಬಹುದು.

ಪದಗಳ ಅರ್ಥ

ಗುಂಡಿಗೆ – ಹೃದಯ
ಕವಾಟ – ಬಾಗಿಲು; ಹೃದಯದಲ್ಲಿ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಪದರ
ಚಯಾಪಚಯ – ಜೀವಕೋಶಗಳಲ್ಲಿ ಆಹಾರವು ಶಕ್ತಿಯಾಗಿ ಮಾರ್ಪಡುವುದೇ ಮೊದಲಾದ ಕ್ರಿಯೆಗಳು
ಮಹಾಪಧಮನಿ – ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಅತಿ ದೊಡ್ಡ ನಾಳ
ಅಭಿಧಮನಿ – ಹೃದಯದ ಕಡೆಗೆ ರಕ್ತವನ್ನು ಮರಳಿ ತರುವ ನಾಳ
ಅರಿವಳಿಕೆ – ನೋವು ತಿಳಿಯದಂತೆ ಪ್ರಜ್ಞೆ ತಪ್ಪಿಸುವ ಔಷಧಿ
ಅವಕೆಂಪು – ಕೆಂಪು ಬಣ್ಣದ ಆಚೆಗಿನ, ಕಣ್ಣಿಗೆ ಕಾಣದ ಕಿರಣ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಿದುಳಿನ ಮುಖ್ಯ ಆಹಾರ ಯಾವುದು?
2. ಯಲ್ಲಾಪ್ರಗಡ ಸುಬ್ಬಾರಾವ್ ಎಲ್ಲಿ ಹುಟ್ಟಿದರು?
3. ಹೃದಯ-ಶ್ವಾಸಕೋಶ ಯಂತ್ರವನ್ನು ನಡೆಸುವ ತಜ್ಞರನ್ನು ಏನೆಂದು ಕರೆಯುತ್ತಾರೆ?
4. ಪ್ರಶಾಂತಿಗ್ರಾಮದ ಆಸ್ಪತ್ರೆ ಯಾವಾಗ ಆರಂಭವಾಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಂಟಲು ನೋವಿನಿಂದ ಹೃದಯದ ಕವಾಟ ಕೆಡುವುದು ಹೇಗೆ?
2. ದೇಹವನ್ನು ತಂಪುಮಾಡುವುದರಿಂದ ಮಿದುಳಿಗೆ ಆಗುವ ಪ್ರಯೋಜನವೇನು? ಮರಳಿ ಬೆಚ್ಚಗೆ ಮಾಡುವಾಗ ಎಚ್ಚರ ಏಕೆ ಬೇಕು?
3. ಜುಗ್ಯುಲರ್ ಅಭಿಧಮನಿಯ ರಕ್ತದಲ್ಲಿ ಆಮ್ಲಜನಕದ ಅಂಕಿ ಏರಿದರೆ ಅದಕ್ಕೆ ಯಾವ ಎರಡು ಕಾರಣಗಳಿರಬಹುದು?
4. ರೋಗಿಯ ಅಂಕಿಯನ್ನು ಅದೇ ರೋಗಿಯ ಮೊದಲಿನ ಅಂಕಿಯೊಡನೆ ಹೋಲಿಸುವುದು ಏಕೆ ಸರಿ?

ಇ) ಲೆಕ್ಕ ಮಾಡಿರಿ.
1. ರೋಗಿಯೊಬ್ಬರ ಹಣೆಯ ಮಾಪಕದ ಮೊದಲಿನ ಅಂಕಿ 65. ಅದು ಶೇಕಡಾ 20ರಷ್ಟು ಇಳಿದರೆ ಎಷ್ಟಾಗುತ್ತದೆ?
2. 100 ಮಿ.ಲೀ. ರಕ್ತದಿಂದ ಮಿದುಳು 7 ಮಿ.ಲೀ. ಆಮ್ಲಜನಕ ಬಳಸುತ್ತದೆ. ರಕ್ತದ ಹರಿವು ನಿಮಿಷಕ್ಕೆ 600 ಮಿ.ಲೀ. ಆದರೆ ನಿಮಿಷಕ್ಕೆ ಬಳಸುವ ಆಮ್ಲಜನಕ ಎಷ್ಟು?

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಮಹಾಪಧಮನಿ, ಮಳೆಗಾಲ, ಇನ್ನೊಂದು

ಉ) ಚಟುವಟಿಕೆ
ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಭೇಟಿಯಾಗಿ, ಮಕ್ಕಳಿಗೆ ಗಂಟಲು ನೋವು ಬಂದಾಗ ಏನು ಮಾಡಬೇಕೆಂದು ಕೇಳಿ ತಿಳಿಯಿರಿ. ತಿಳಿದುದನ್ನು ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯ ಗೋಡೆಪತ್ರಿಕೆಯಲ್ಲಿ ಹಾಕಿರಿ.